ಸ್ವಾಗತ ಸಮಿತಿಯಲ್ಲಿ ಹೆಸರು

ಹೊನ್ನಾವರದ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಕುಳಿತಿದ್ದ ಇಬ್ಬರು, ಸಂಬಳವಿಲ್ಲದೆ ಮೊಬೈಲಿನಲ್ಲೇ ಊರ ಸುದ್ದಿ ಮಾಡುವವರು. ಹುಡುಗಿಯ ಕೈಯಲ್ಲಿ ಮೀನುಗಾರರ ಸಮಾವೇಶದ ಆಮಂತ್ರಣ ಪತ್ರಿಕೆಯಿತ್ತು.

"ದಿನಕರಣ್ಣ, ಹೊಳೆಲಿ ಕದ್ದು ಮರಳು ತೆಗೆಯವನೇ ಉದ್ಘಾಟಕನಾ?"

"ಹೌದು."

"ನಾಳೆ ಅವನ ವಿಡಿಯೋ ಬಿಡೂದಿತ್ತಲ್ಲ!"

"ಹೆಂಗೆ ಬಿಡೂದು ಸುಚಿತಾ? ಅದೇ ಪತ್ರಿಕೆಲಿ, ಕೆಳಗೆ ಸ್ವಾಗತ ಸಮಿತಿಲಿ ನಮ್ಮಿಬ್ಬರ ಹೆಸ್ರೂ ಅದ್ಯಲ್ಲ."

"ಹೆಸ್ರು ಹಾಕ್ತೇವೆ ಅಂತ ನಮ್ಮನ್ನ ಕೇಳ್ಲೇ ಇಲ್ವಲ್ಲ!"

"ತಯಾರಿ ಸಭೆಗೆ ಕರೆದ್ರು, ಹೋದ್ವಿ. ಸಲಹೆ ಕೊಟ್ವಿ, ಅವಲಕ್ಕಿ ತಿಂದ್ವಿ, ಸಹಿ ಹಾಕಿದ್ವಿ. ಇನ್ನೆಂತ ಕೇಳೂದು?"

"ಹೆಸ್ರು ತೆಗ್ಸುವ."

"ನಿನ್ನಮ್ಮಂಗೆ ಎಂತ ಹೇಳ್ತೆ?"

ಹುಡುಗಿ ಪತ್ರಿಕೆಯಲ್ಲಿ ತನ್ನ ಹೆಸರಿನ ಮೇಲೆ ಬೆರಳಿಟ್ಟಳು.

"ಬೆಳಿಗ್ಗೆ ಇದನ್ನ ದೇವರ ಮುಂದಿಟ್ಟು, ನನ್ನ ಹೆಸ್ರಿಗೆ ಕುಂಕುಮ ಹಚ್ಚಿದಾಳೆ."

ಬಸ್ಸು ಬಂತು. ಪತ್ರಿಕೆಯನ್ನು ಬೆಂಚಿನ ಮೇಲೇ ಬಿಟ್ಟು ಹೊರಟ ಹುಡುಗಿ, ಬಸ್ಸಿನ ಬಾಗಿಲಿಂದ ತಿರುಗಿ ಬಂದು ಎತ್ತಿಕೊಂಡಳು.