ವಾಸನೆಯಿಲ್ಲದ ನೀರು

"ಹಲೋ... ಪ್ರಯೋಗಾಲಯ... ಯಾರು ಮಾತಾಡ್ತಿರೋದು?... ಯಾರು?... ಓ, ನೀನಾ ಗುಬ್ಬಿ. ಇದ್ಯಾರ ನಂಬರು?... ಕೆಳಗಿನ ಮನೆಯವರದಾ. ಹಾಂ, ಹೇಳು."

ಊರಿಗೆ ಕುಡಿಯುವ ನೀರು ಕೊಡುವ ಘಟಕದಲ್ಲಿ ನೀರು ಪರೀಕ್ಷಿಸುವ ರಸಾಯನಶಾಸ್ತ್ರಜ್ಞ ಅವನು. ಗುಬ್ಬಿ ಅವನ ನಾದಿನಿ, ತೀರಿಹೋದ ಹೆಂಡತಿಯ ತಂಗಿ. ಚಿಕ್ಕಂದಿನಲ್ಲಿ ಒಂದು ಕಡೆ ಕೂರದೆ ಚಿಲಿಪಿಲಿ ಎನ್ನುತ್ತಿದ್ದಳೆಂದು ಅಕ್ಕ ಇಟ್ಟ ಹೆಸರು. ಕಾಲೇಜಿನಲ್ಲಿ ಪಾಠ ಹೇಳುವಷ್ಟು ದೊಡ್ಡವಳಾದರೂ ಹೆಸರು ಬಿಟ್ಟಿರಲಿಲ್ಲ. ಅವನು ರಿಸೀವರನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, ತೊಳೆದ ಫ್ಲಾಸ್ಕುಗಳನ್ನು ಒಂದೊಂದಾಗಿ ಬೋರಲು ಹಾಕುತ್ತಿದ್ದ.

"ಇಲ್ಲ, ನಿಮ್ಮನೇಲಿ ಮಾತ್ರ ಅಲ್ಲ, ಇಡೀ ಊರಿಗೇ ಇಲ್ಲ. ಬೆಳಿಗ್ಗೆ ನಾವೇ ನಿಲ್ಲಿಸಿದ್ವಿ... ಪೈಪ್ ಒಡೆದಿಲ್ಲ ಕಣೆ... ಮೋಟಾರೂ ಸರಿಯಾಗೇ ಇದೆ... ಯಾವಾಗ ಬರುತ್ತೆ ಅಂದ್ರೆ ಈಗಲೇ ಹೇಳಕ್ಕಾಗಲ್ಲ. ನಾಳೆ ಅಂತ ಇಟ್ಕೋ. ನಾಡಿದ್ದೂ ಆಗ್ಬಹುದು."

...

"ಬೈಬೇಡ್ವೇ. ನೀನು ತಲೆಗೆ ಸೋಪು ಹಚ್ಕೊಂಡಿರೋದು ನನಗೆ ಇಲ್ಲಿಂದ ಕಾಣುತ್ತಾ?... ಹಾಗೇ ಟವಲಲ್ಲಿ ಒರೆಸ್ಕೊಂಡ್ಯಾ? ಸರಿಹೋಯ್ತು. ಇವತ್ತು ನಿನ್ನ ಕ್ಲಾಸಲ್ಲಿ ಎಲ್ಲರಿಗೂ ನೊರೆ ದರ್ಶನ."

ತಮಾಷೆಯ ಮಾತು ತಮಾಷೆಯ ದನಿಯಿಲ್ಲದೆ ಬಂತು. ಈಚೆಗೆ ಅವನ ಎಲ್ಲ ಮಾತೂ ಹಾಗೆಯೇ. ನಗಬೇಕಾದಲ್ಲಿ ತುಟಿ ಅಗಲವಾಗುತ್ತಿತ್ತು, ಅಷ್ಟೆ.

"ಆರಾಮಾಗೇ ಇದ್ದೀನಿ... ಆಯ್ತು, ತಿಂಡಿ... ಬ್ರೆಡ್ಡು... ಬ್ರೆಡ್ಡೂ ತಿಂಡೀನೇ... ನನ್ನ ದನಿಗೇನಾಗಿದೆ?... ಹವಾಮಾನ ವರದಿ ಓದೋರ ಥರಾನಾ? ಇರ್ಲಿ ಬಿಡು. ಅವರೂ ಮನುಷ್ಯರೇ ಅಲ್ವಾ."

...

"ಯಾಕೆ ನಿಲ್ಲಿಸಿದ್ವಿ ಅಂದ್ರೆ, ನೀರಿಗೆ ವಾಸನೆ... ಇಲ್ಲ, ಅದಕ್ಕೆ ಯಂತ್ರ ಸಾಲಲ್ಲ, ಇವತ್ತಿಗೂ ಮನುಷ್ಯರ ಮೂಗೇ ಬೇಕು. ದಿನಾ ಬೆಳಿಗ್ಗೆ ಐದು ಜನ ಕೂತ್ಕೋತಾರೆ. ನಮ್ಮ ಟೈಪಿಸ್ಟ್ ಅಮ್ಮ, ಪಂಪಿನವರು, ಡ್ರೈವರ್ರು, ಇಬ್ಬರು ಗುಮಾಸ್ತರು. ಒಬ್ಬೊಬ್ಬರಿಗೂ ಒಂದೊಂದು ಗೂಡು, ಒಬ್ಬರ ಮುಖ ಒಬ್ಬರಿಗೆ ಕಾಣಲ್ಲ. ನಾನು ಈ ಕಡೆ ಕೋಣೇಲಿ ನೀರು ಬೆಚ್ಚಗೆ ಮಾಡಿ, ಫ್ಲಾಸ್ಕಿಗೆ ತುಂಬಿ, ಕಿಂಡೀಲಿ ಕೈ ತೂರಿಸಿ ಕೊಡ್ತೀನಿ. ಅವರು ಮುಚ್ಚಳ ತೆಗೆದು ಮೂಸಿ, ಏನನ್ನಿಸ್ತೋ ಬರೀತಾರೆ. ಮಾತಾಡೋ ಹಾಗಿಲ್ಲ... ಹಾಂ, ನಿಮ್ಮ ಪರೀಕ್ಷೆ ಹಾಲ್ ಥರಾನೇ. ಆದ್ರೆ ಇಲ್ಲಿ ಯಾರೂ ಕಾಪಿ ಹೊಡೆಯಲ್ಲ."

...

"ಇವತ್ತು ಐದಕ್ಕೆ ಐದು ಜನಾನೂ ವಾಸನೆ ಇದೆ ಅಂದ್ರು... ಕೊಳಕು ವಾಸನೆ ಅಲ್ಲ, ಹಸಿ ಸೊಪ್ಪಿನ ಥರದ್ದು. ಹಾಗೆ ಬಂದ್ರೆ ಜಲಾಶಯದಲ್ಲಿ ಪಾಚಿ ಎದ್ದಿರ್ಬಹುದು ಅಂತ ಅನುಮಾನ. ಕೆಲವು ಪಾಚಿ ವಿಷ... ಅದಕ್ಕೇ ಸಾಹೇಬ್ರು ದೊಡ್ಡ ತೊಟ್ಟೀನ ಪೂರ್ತಿ ಖಾಲಿ ಮಾಡ್ಸೋಣ ಅಂದ್ರು. ಮಧ್ಯಾಹ್ನ ಊಟ ಆದ್ಮೇಲೆ ವಾಲ್ವ್ ತೆಗೀತಾರೆ. ಮತ್ತೆ ತುಂಬಿ ಊರಿಗೆಲ್ಲಾ ಬಿಡೋಕೆ ಎರಡು ದಿನ ಆಗುತ್ತೆ... ಆಸ್ಪತ್ರೆಗೆ ಟ್ಯಾಂಕರ್ ಕಳಿಸಿದ್ದೀವಿ... ಸಾಲಲ್ಲ. ಗೊತ್ತು, ಸಾಲಲ್ಲ."

...

"ನನಗಾ? ನನಗೇನೂ ಬರಲಿಲ್ಲ. ಮೂಸಿದೆ. ಬರೀ ನೀರು."

...

"ಎಂಥಾ ಸೊಪ್ಪು ಅಂದ್ರೆ, ಒಬ್ಬೊಬ್ಬರು ಒಂದೊಂದು ಅಂದ್ರು. ಟೈಪಿಸ್ಟ್ ಅಮ್ಮನಿಗೆ ಹಸಿ ಬೀನ್ಸ್ ಮುರಿದ ಹಾಗೆ ಬಂತಂತೆ. ಪಂಪಿನವರಿಗೆ ಟೊಮೇಟೊ ಗಿಡದ ಎಲೆ ಉಜ್ಜಿದ ಹಾಗೆ. ಡ್ರೈವರ್ರು, ಪೆನ್ಸಿಲ್ ಕೆತ್ತಿದ ಹೊಟ್ಟು ಅಂದ್ರು. ಗುಮಾಸ್ತರೊಬ್ರಿಗೆ ಆಗಷ್ಟೇ ಕೊಯ್ದ ಒದ್ದೆ ಹಲಗೆ... ಹಲೋ?... ಗುಬ್ಬಿ, ಇದ್ದೀಯಾ?... ಹಲೋ?"

...

"ಏನಂದೆ?... ಇನ್ನೊಂದ್ಸಲ ಹೇಳು... ಬಡಗೀನಾ?"

ಅವನ ಕೈಯಲ್ಲಿದ್ದ ಫ್ಲಾಸ್ಕು ಬೋರಲಾಗದೆ ಅರ್ಧಕ್ಕೇ ನಿಂತಿತು.

ಬಡಗಿ ಎಂದರೆ ಅವರ ಮನೆಯಲ್ಲಿ ಮನುಷ್ಯನಲ್ಲ, ಸೆಂಟು. ಯಾವುದೋ ಸಣ್ಣ ತಯಾರಕರು ಬೆರಳೆಣಿಕೆಯಷ್ಟು ಬಾಟಲಿ ಮಾಡಿ ನಿಲ್ಲಿಸಿಬಿಟ್ಟಿದ್ದ ಸುಗಂಧ. ಅವನ ಹೆಂಡತಿ ಅದನ್ನು ಅಂಗಡಿಯ ಮೂಲೆಯಲ್ಲಿ ಹುಡುಕಿ ತೆಗೆದು, ಇದು ಗಂಡಸರದೋ ಹೆಂಗಸರದೋ ಎಂದು ಕೇಳಿದಳಂತೆ. ಮೂಗು ಇರುವವರದು ಎಂದನಂತೆ ಅಂಗಡಿಯವನು. ಅವಳು ಅಷ್ಟಕ್ಕೇ ಸೋತು ಕೊಂಡುತಂದಿದ್ದಳು. ಹೂವಿನ ಸುಳಿವಿಲ್ಲ, ಸಿಹಿಯ ಸುಳಿವಿಲ್ಲ. ಹಸಿರು ಕಡ್ಡಿ ಮುರಿದಾಗ ಚಿಮ್ಮುವ ಕಟುವಾದ ವಾಸನೆ ಮೊದಲು, ಅದು ಇಳಿದ ಮೇಲೆ ತಣ್ಣನೆಯ ಮರ. ಮೊದಲ ದಿನ ಅವಳ ಮಣಿಕಟ್ಟು ಮೂಸಿ, "ಬಡಗಿಯೊಬ್ಬ ತರಕಾರಿ ಮಡಿಯಲ್ಲಿ ಜಾರಿಬಿದ್ದ ಹಾಗಿದೆ" ಎಂದಿದ್ದ ಇವನು. ಅವಳು ಬಿದ್ದು ಬಿದ್ದು ನಕ್ಕಿದ್ದಳು. ಅಂದಿನಿಂದ ಮನೆಯಲ್ಲಿ ಅದಕ್ಕೆ ಅದೇ ಹೆಸರು. ಹೊರಗೆ ಹೊರಟಾಗಲೆಲ್ಲ, ಬಡಗೀನ ಕರ್ಕೊಂಡು ಬರ್ತೀನಿ ತಡೀರಿ, ಎನ್ನುವಳು. ಬೇಸರವಾದ ಭಾನುವಾರಗಳಲ್ಲಿ ಇವನ ಕತ್ತಿಗೂ ಒಂದು ಸಲ ಒತ್ತುವಳು.

"ಇಲ್ಲ ಗುಬ್ಬಿ, ಅದು ಹೇಗಾಗುತ್ತೆ? ನಾನು ಕೆಲಸಕ್ಕೆ ಹಾಕ್ಕೊಂಡು ಬರಲ್ಲ. ಇಲ್ಲಿ ಕೈ ತೊಳೆಯೋ ಸೋಪಿಗೂ ವಾಸನೆ ಇರೋ ಹಾಗಿಲ್ಲ... ಹಾಕ್ಕೋತೀನಿ, ಹೌದು. ಮಲಗೋವಾಗ... ಕೈಗೆ, ದಿಂಬಿಗೆ... ಮೊದಮೊದಲು ಒಂದು ಸಲ ಒತ್ತುತ್ತಿದ್ದೆ. ಈಗ ಎಷ್ಟು ಸಲ ಅಂತ ನೋಡಿಲ್ಲ, ನಿನ್ನೆ ರಾತ್ರಿಯಂತೂ ಲೆಕ್ಕಾನೇ ಇಲ್ಲ. ವಾಸನೆ ಬರೋವರೆಗೂ... ಬರಲ್ಲ. ಅದಕ್ಕೇ ಇನ್ನೊಂದ್ಸಲ."

...

"ಬೆಳಿಗ್ಗೆ ತಿಕ್ಕಿ ತೊಳ್ಕೊಂಡೇ ಬರೋದು. ಮೂಸಿ ನೋಡ್ಕೊಂಡೇ ಮನೆ ಬಿಡೋದು. ಏನೂ ಇರಲ್ಲ... ಯಾರ ಮೂಗಲ್ಲಿ ಅಂದ್ರೇನು? ನನ್ನ ಮೂಗಲ್ಲೇ..."

ಕೆಲಸಕ್ಕೆ ಹೊಸದಾಗಿ ಸೇರಿದವರಿಗೆಲ್ಲ ಅವನು ಕಲಿಸುವ ಮೊದಲ ಪಾಠವೇ ಇದು: ಒಂದು ವಾಸನೆಯ ಜೊತೆ ದಿನವೂ ಮಲಗಿ ಏಳುವ ಮೂಗು ಆ ವಾಸನೆಯ ಸುದ್ದಿ ಹೇಳುವುದನ್ನು ನಿಲ್ಲಿಸಿಬಿಡುತ್ತದೆ. ಕೆಟ್ಟ ತಕ್ಕಡಿಯನ್ನು ಅದೇ ತಕ್ಕಡಿಯಲ್ಲಿಟ್ಟು ತೂಗಿ, ಸರಿಯಾಗಿದೆ ಎಂದು ನಂಬಿಕೊಂಡು ಬಂದಿದ್ದ ಅವನು.

"ನಿನ್ನೆ ನಾನು ಬಂದಾಗ?... ನಿಮ್ಮನೆ ಸೋಫಾಗೆ?... ಇಡೀ ಹಾಲಿಗೇನಾ?... ನಿಮ್ಮತ್ತೆ ಏನಂದ್ರು?... ಕಿಟಕಿ ತೆಗಿ ಅಂದ್ರಾ. ಪಾಪ... ಮತ್ತೆ ನೀನ್ಯಾಕೆ ನನಗೆ ಹೇಳ್ಲಿಲ್ಲ?... ಹಾಂ... ನಾನೆದ್ದು ಹೋದ್ಮೇಲೆ ದಿಂಬು ಮುಖಕ್ಕೆ ಒತ್ಕೊಂಡು ಕೂತಿದ್ಯಾ... ಹಾಂ... ಅಳ್ಬೇಡ, ಕೆಳಗಿನ ಮನೆಯವರ ಫೋನು ಅದು."

...

"ಇಲ್ಲಿ ಯಾರೂ ಹೇಳ್ಲಿಲ್ಲ. ಹತ್ರ ಬಂದ್ರೆ ತಾನೇ... ಕೆಟ್ಟೋರಲ್ಲ ಕಣೆ. ನನ್ನ ಹತ್ರ ಏನು ಮಾತಾಡ್ಬೇಕು ಅಂತ ಗೊತ್ತಾಗಲ್ಲ ಅವರಿಗೆ. ಬಾಗಿಲಲ್ಲೇ ನಿಂತು ಸಾರ್ ಅಂತಾರೆ, ಹಾಗೇ ಹೋಗ್ತಾರೆ. ಇನ್ನು ಕಿಂಡಿಯಿಂದ ಆ ಕಡೆ ಹೋಗೋದು ನನ್ನ ಕೈ ಒಂದೇ... ಹೌದು. ಕೈ. ಕೈಯಲ್ಲಿ ಫ್ಲಾಸ್ಕು."

...

"ಗುಬ್ಬಿ, ಇನ್ನೊಂದಿದೆ. ಕೊಡೋ ಫ್ಲಾಸ್ಕುಗಳಲ್ಲಿ ಒಂದು ಖಾಲಿ ಮಾದರಿ ಇರುತ್ತೆ. ಅಂದ್ರೆ ಏನೇನೂ ವಾಸನೆ ಇಲ್ಲದ ನೀರು, ನಾನೇ ಶೋಧಿಸಿದ್ದು. ಯಾವುದು ಅಂತ ಅವರಿಗೆ ಗೊತ್ತಿರಲ್ಲ. ಅದಕ್ಕೂ ವಾಸನೆ ಇದೆ ಅಂದ್ರೆ ಪರೀಕ್ಷೇನೇ ಕೆಟ್ಟಿದೆ ಅಂತ ಅರ್ಥ, ನಿಲ್ಲಿಸಿ ಮತ್ತೆ ಶುರು ಮಾಡ್ಬೇಕು... ಅಂದ್ರು. ಅದಕ್ಕೂ ಇದೆ ಅಂದ್ರು... ನೋಡ್ದೆ. ನೋಡಿ, ಶೋಧಿಸೋ ಯಂತ್ರವೂ ಕೆಟ್ಟಿರ್ಬೇಕು ಅಂದ್ಕೊಂಡೆ... ಯಾಕೋ ಗೊತ್ತಿಲ್ಲ. ಈಗೀಗ ಏನು ನೋಡಿದ್ರೂ ಹಾಗೇ ಅನ್ಸುತ್ತೆ. ಇದೂ ಕೆಟ್ಟಿರ್ಬೇಕು ಅಂತ."

...

"ಹೇಳ್ಬೇಕು. ಆದ್ರೆ ಮೊದಲು ಖಾತ್ರಿ ಆಗ್ಲಿ. ನೀನು ಫೋನಿಡ್ಬೇಡ, ಇರು."

ರಿಸೀವರನ್ನು ಮೇಜಿನ ಮೇಲೆ ಮಲಗಿಸಿ, ಅವನು ಕಿಂಡಿಗೆ ಬಾಗಿದ.

"ಅಮ್ಮಾ, ಸ್ವಲ್ಪ ಬರ್ತೀರಾ?... ಅಲ್ಲಿ ಬೇಡ, ಒಳಗೆ ಬನ್ನಿ... ಇನ್ನೂ ಹತ್ರ. ನನ್ನ ಕೈ ಮೂಸಿ ನೋಡಿ... ತಪ್ಪು ತಿಳಿಯಲ್ಲಮ್ಮ, ಮೂಸಿ."

ಟೈಪಿಸ್ಟ್ ಅಮ್ಮ ಅವನಿಗಿಂತ ಹಿರಿಯರು. ಕನ್ನಡಕ ಹಣೆಗೇರಿಸಿ, ಅವನ ಕೈ ಹಿಡಿದು ಮಣಿಕಟ್ಟಿನ ಮೇಲೆ ಬಾಗಿದರು. ಬಾಗಿದವರು ಬೇಗ ಮೇಲೇಳಲಿಲ್ಲ. ತನ್ನ ಕೈಯನ್ನು ಇನ್ನೊಬ್ಬರು ಹಿಡಿದು ಎಷ್ಟು ಕಾಲವಾಯಿತೆಂದು ಅವನು ಯೋಚಿಸಿದ. ನೆನಪಾಗಲಿಲ್ಲ, ನೆನಪಾಗದ್ದಕ್ಕೆ ಬೇಸರವೂ ಆಗಲಿಲ್ಲ.

"ಅದೇನಾ?... ಬೆಳಿಗ್ಗೇದೇ ಅಲ್ವಾ?... ನನ್ನ ಹೆಂಡ್ತೀದಮ್ಮ. ಅವಳ ಸೆಂಟು... ಇಲ್ಲ ಇಲ್ಲ, ನಿಮ್ಮ ಮೂಗು ಸರಿಯಾಗೇ ಹೇಳಿದೆ."

ಮೇಜಿನ ಇನ್ನೊಂದು ತುದಿಯಲ್ಲಿದ್ದ ಕಚೇರಿಯ ಫೋನನ್ನು ಎತ್ತಿಕೊಂಡ. ಮಲಗಿಸಿದ್ದ ರಿಸೀವರಿನಲ್ಲಿ ಗುಬ್ಬಿಗೆ ಎಲ್ಲವೂ ಕೇಳುತ್ತಿತ್ತೆಂದು ಗೊತ್ತಿದ್ದರೂ ದನಿ ತಗ್ಗಿಸಲಿಲ್ಲ.

"ಸಾರ್, ತೊಟ್ಟಿ ವಾಲ್ವ್ ತೆಗೀಬೇಡಿ... ವಾಸನೆ ನೀರಿಂದಲ್ಲ ಸಾರ್, ನನ್ನದು... ಕುಡಿದಿಲ್ಲ ಸಾರ್. ಸೆಂಟು. ಮನೇಲಿ ಹಾಕ್ಕೊಂಡಿದ್ದು, ತೊಳೆದ್ರೂ ಹೋಗಿಲ್ಲ, ನನಗೆ ಗೊತ್ತಾಗಿಲ್ಲ... ಹೌದು ಸಾರ್, ಆ ನಿಯಮ ಮಾಡಿದೋನೂ ನಾನೇ... ಇಲ್ಲ, ಹಾಗಂತ ನೀರು ಬಿಡ್ಲೂಬೇಡಿ. ಚೆಲ್ಲೋದೂ ಬೇಡ, ಬಿಡೋದೂ ಬೇಡ. ಪ್ರಯೋಗಾಲಯದ ನನ್ನ ಸಹಾಯಕಿ ಮತ್ತೆ ಪರೀಕ್ಷೆ ಮಾಡ್ಲಿ. ಬೇರೆ ಕೋಣೆ, ಬೇರೆ ಫ್ಲಾಸ್ಕು. ಖಾಲಿ ಮಾದರಿಗೆ ವಾಸನೆ ಇಲ್ಲ ಅಂತ ಬಂದ್ರೆ ಮಾತ್ರ ಉಳಿದದ್ದನ್ನ ನಂಬಿ... ನಾನು ಕಟ್ಟಡದಲ್ಲೇ ಇರಬಾರದು ಸಾರ್, ಈಗಲೇ ಹೊರಡ್ತೀನಿ... ಬರೆದುಕೊಡ್ತೀನಿ. ಏನು ಕ್ರಮ ತಗೋತೀರೋ ತಗೊಳ್ಳಿ."

ಆಮೇಲೆ ಮತ್ತೆ ಗುಬ್ಬಿಯ ಕಡೆ ಬಂದ.

"ಇದ್ದೀಯಾ?... ಕೇಳಿಸ್ತಲ್ಲ... ಬೈದ್ರು. ಹೆಂಡ್ತೀದು ಅಂತ ಅವರಿಗೆ ಹೇಳ್ಲಿಲ್ಲ, ಅವರೇ ಊಹಿಸಿದ್ರು. ಆಮೇಲೆ ಸುಮ್ಮನಾದ್ರು. ಬೈದಿದ್ದೇ ವಾಸಿ ಇತ್ತು... ಕೆಲಸದ್ದು ಆಮೇಲೆ ನೋಡೋಣ."

...

"ಅಳ್ತಿಲ್ಲ. ಅಳು ಬರ್ತಿಲ್ಲ ಕಣೆ... ನಾನು ಸೆಂಟೇ ಕೆಟ್ಟುಹೋಯ್ತು ಅಂದ್ಕೊಂಡಿದ್ದೆ. ಬಾಟಲೀಲಿ ನೀರಾಗಿದೆ, ಅವಳು ಹೋದ್ಮೇಲೆ ಅದೂ ಹೋಯ್ತು ಅಂತ... ಇದೆಯಾ? ನಿಜವಾಗ್ಲೂ? ಮೊದಲಿನ ಹಾಗೇನಾ?... ಹೇಳು, ಮೊದಲು ಯಾವುದು ಬರುತ್ತೆ?... ಹಾಂ, ಹಸಿರು. ಕಣ್ಣು ಚುಚ್ಚೋ ಹಾಗೆ, ಅಲ್ವಾ?... ಆಮೇಲೆ?... ಮರ. ಹಾಂ... ಅದಾದ್ಮೇಲೆ?... ಬೆಚ್ಚಗಿರೋದಾ? ಕತ್ತಿನ ಹತ್ರ ಬರ್ತಿತ್ತಲ್ಲ, ಅದಾ?... ಅದು ಸೆಂಟಲ್ಲ ಗುಬ್ಬಿ. ಅದು ಅವಳೇ. ಅದು ಬಾಟಲೀಲಿ ಇಲ್ಲ."

ಅವನು ರಿಸೀವರನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡ.

"ನನಗೂ ವಾಪಸ್ ಬರುತ್ತೆ. ಹಾಕೋದು ನಿಲ್ಲಿಸಿ ಕೆಲವು ವಾರ ಸುಮ್ಮನಿದ್ರೆ ಮೂಗು ಸರಿಹೋಗುತ್ತೆ... ಆಗಲ್ಲ. ಮನೇಲಿದ್ರೆ ನನ್ನ ಕೈಲಿ ಆಗಲ್ಲ. ನೀನು ಇವತ್ತೇ ಬಂದು ಬಾಟಲಿ ತಗೊಂಡ್ಹೋಗು. ದಿಂಬಿನ ಚೀಲಾನೂ... ಒಗೀಬೇಡ! ಗಂಟು ಕಟ್ಟಿ ಇಡು ಸಾಕು... ನಾನು ಕೇಳ್ತೀನಿ, ಕೊಡ್ಬೇಡ. ರೇಗ್ತೀನಿ, ಆಗ್ಲೂ ಕೊಡ್ಬೇಡ... ಭಾವ ಅಂತ ಮುಖ ನೋಡ್ಬೇಡ."

...

"ಆಮೇಲೆ ಒಂದಿನ ನೀನೇ ಹಾಕ್ಕೊಂಡು ಬಾ... ಯಾವತ್ತು ಅಂತ ಹೇಳ್ಬೇಡ. ನನಗೆ ಮೊದಲೇ ಗೊತ್ತಿದ್ರೆ ಇಲ್ಲದ್ದೂ ಇದೆ ಅನ್ಸುತ್ತೆ. ಸುಮ್ನೆ ಬಂದು ಪಕ್ಕದಲ್ಲಿ ಕೂತ್ಕೋ. ಕಾಲೇಜಿಂದೋ ನಿಮ್ಮತ್ತೇದೋ ಏನಾದ್ರೂ ಹರಟ್ತಾ ಇರು. ನನ್ನ ಮುಖ ನೋಡ್ಬೇಡ, ಬಂತಾ ಅಂತ ಕೇಳ್ಬೇಡ. ಬಂದ್ರೆ... ಹಲೋ?... ಗುಬ್ಬಿ?... ಹಲೋ?"

ಲೈನ್ ಕಟ್ಟಾಗಿತ್ತು.

"ಬಂದ್ರೆ ನಾನೇ ಹೇಳ್ತೀನಿ" ಎಂದು ಅವನು ಮಾತು ಮುಗಿಸಿ, ರಿಸೀವರ್ ಇಟ್ಟ.