ದೂರಿನ ಕಲ್ಲಿನ ಮೇಲೆ ಕೂತ ದೊರೆ

ಬನ್ನಿ ಬನ್ನಿ, ಹತ್ರ ಬನ್ನಿ! ಹೂಂ ಅಂದ್ರೆ ಹೇಳ್ತೀನಿ, ಆಕಳಿಸಿದ್ರೆ ಎದ್ದು ಹೋಗ್ತೀನಿ.

ಸಮುದ್ರದಾಚೆ ಸಮುದ್ರ, ಅದರಾಚೆ ಯುರೋಪು ಸೀಮೆ. ಅಲ್ಲೊಂದು ಬೆಟ್ಟ, ತುದೀಲಿ ಅಂಗೈಯಗಲದ ಊರು. ಊರೇ ಒಂದು ದೇಶ! ರಾಜ ಇಲ್ಲ, ರಾಣಿ ಇಲ್ಲ. ಮತ್ತೆ ಆಳೋರ್ಯಾರು ಅಂತೀರಾ? ಸರದಿ ಮೇಲೆ ಊರೋರೇ! ಆ ವರ್ಷ ಬ್ರೆಡ್ಡು ಸುಡೋ ಜಾಕೋಮಮ್ಮನ ಸರದಿ.

ಕೆಳಗಿನ ಸೀಮೆ ಬಾಲ್ದೊ ದೊರೆ ದಂಡು ಕಟ್ಕೊಂಡು ಬಂದೇ ಬಿಟ್ಟ! "ಏಯ್, ಇವತ್ತಿಂದ ನಾನೇ ನಿಮ್ಮ ಯಜಮಾನ!"

"ಆಗಿ ಬುದ್ಧಿ, ಯಾರು ಬೇಡಾಂದ್ರು?" ಜಾಕೋಮಮ್ಮ ಕೈಗಂಟಿದ ಹಿಟ್ಟು ಒರೆಸ್ಕೊಂಡ್ಲು. "ನಮ್ದೊಂದು ಪದ್ಧತಿ. ಯಜಮಾನ ಆಗೋನು ಚೌಕದ ಕಲ್ಲಿನ ಮೇಲೆ ಕೂತು ಬಂದೋರ ದೂರೆಲ್ಲ ಕೇಳ್ಬೇಕು. ಮುಗಿಯೋಕ್ಮುಂಚೆ ಎದ್ರೆ, ಅವನೂ ಅವನ ಮಕ್ಳು ಮೊಮ್ಮಕ್ಳೂ ಈ ಊರಿನ ಆಸೆ ಬಿಡ್ಬೇಕು."

ದೊರೆ ಹೊಟ್ಟೆ ಹಿಡ್ಕೊಂಡು ನಕ್ಕ. "ಇಷ್ಟೇ ಇಷ್ಟು ಊರಿಗೆ ಎಷ್ಟು ದೂರಿದ್ದೀತು? ನನ್ನ ಮದ್ದುಗುಂಡು ಉಳೀತು!" ದಂಡಿನೆದುರೇ ಆಣೆ ಇಟ್ಟ, ಕೂತ.

ಚಮ್ಮಾರ ಟೋನಿ ಓಡಿಬಂದ. "ಏನಮ್ಮಾ ಮಾಡ್ದೆ? ಇರೋದು ನಾಲ್ಕು ಮನೆ! ದೂರು ಮುಗೀತು ಅಂದ್ರೆ ಊರೂ ಹೋಯ್ತು!"

"ಬಾಯ್ಮುಚ್ಚೋ, ನಿನ್ನ ಹೆಂಡ್ತೀನ ಕಳಿಸು!"

ಬಂದ್ಲು. ಗಂಡನ ಗೊರಕೆ ದೂರು. "ಆಯ್ತು, ಮುಂದೆ!" ಮೇಕೆ ಲಂಗ ತಿಂದ ದೂರು. "ಆಯ್ತು, ಮುಂದೆ!" ಒಬ್ಬಳು ಮುದುಕಿ ತನ್ನ ಮದುವೆ ಊಟ ಸರಿಯಿರ್ಲಿಲ್ಲ ಅಂತ ಚಪ್ಪರ ಹಾಕಿದ ದಿನದಿಂದ ಶುರು ಮಾಡಿದ್ಲು! ದೊರೆ ಮಿಸುಕಾಡ್ದ, ನುಲಿದ, ಹಲ್ಲು ಕಡಿದ. ಎದ್ನಾ? ಏಳ್ಲಿಲ್ಲ ಕಣ್ರೀ! ಅಯ್ಯೋ, ಊರಿನ ದೂರೆಲ್ಲ ಖಾಲಿ!

"ಇನ್ಯಾರಿದ್ದೀರ್ರೋ?" ದೊರೆ ಮೀಸೆ ತಿರುವ್ದ.

ಜಾಕೋಮಮ್ಮ ಮೆಲ್ಲಗೆ ದಂಡಿನ ಕಡೆ ತಿರುಗಿದ್ಲು. "ಬಂದೋರೆಲ್ಲ ಅಂದ್ರೆ ಬಂದೋರೆಲ್ಲ ಕಣ್ರಪ್ಪಾ. ನೀವೂ ಬಂದೋರೇ ತಾನೆ? ದೊರೆ ಏಳೋ ಹಾಗಿಲ್ಲ."

ಆಮೇಲೆ ಒಬ್ಬ ಸಿಪಾಯಿ ಕುಂಟ್ಕೊಂಡು ಬಂದ. "ಬುದ್ಧೀ... ಈ ಬೂಟು..." ಅವನ ಹಿಂದೆ ಇನ್ನೊಬ್ಬ. "ಗಂಜೀಲಿ ಹುಳ ಬುದ್ಧಿ!" ಅವನ ಹಿಂದೆ ಮತ್ತೊಬ್ಬ. "ಮದುವೆಗೆ ರಜಾ ಕೇಳಿ ಕೇಳಿ ಮುದುಕ ಆದೆ ಬುದ್ಧಿ!" ಸಾಲು ಬೆಟ್ಟ ಇಳಿದು ಹೊಲ ದಾಟ್ತು! ನೋಡಿದ್ರೆ, ಸೇನಾಪತೀನೂ ಟೋಪಿ ತೆಗೆದು ನಿಂತವ್ನೆ!

"ನೀನೂನಾ?"

"ನಂದು ಸ್ವಲ್ಪ ಉದ್ದ ಐತೆ ಬುದ್ಧಿ."

ದೊರೆ ಎದ್ದ ನೋಡಿ! ಕುದುರೆ ಬೇಡ, ಕತ್ತಿ ಬೇಡ, ಕಾಲಿಗೆ ಬುದ್ಧಿ ಹೇಳ್ದ. "ಬುದ್ಧೀ, ನಂದು ಬಾಕಿ! ನಂದು ಬಾಕಿ!" ಅಂತ ಇಡೀ ದಂಡು ಅವನ ಬೆನ್ನಟ್ಕೊಂಡು ಬೆಟ್ಟ ಇಳೀತು.

ಅವ್ರ ಬ್ರೆಡ್ಡು ಅವ್ರಿಗುಳೀತು, ನಮ್ಮ ಮುದ್ದೆ ನಮಗೈತೆ. ಕಥೆ ಬೆಟ್ಟ ಇಳೀತು, ನೀವು ಜಗಲಿ ಇಳೀರಿ!