ಚಾರ್-ಬೆಲ್ ನೆತ್ತಿಯ ಎರಡು ಕಂಬ

ಜೂರಕಾನ್ ಅಕ್ಕನ ಯಜಮಾನರಾದ ತುರ್ದಾಕುನ್ ಅಣ್ಣನವರೇ, ಅವರ ಮಗಳು ಗುಲ್ಬಾರ್ಚಿನ್, ಊರಿನ ಹಿರಿಯರೇ, ನಮ್ಮ ಹವಾಮಾನ ಕಚೇರಿಯ ಗೆಳೆಯರೇ — ಎಲ್ಲರಿಗೂ ಸಲಾಮ್. ಜೂರಕಾನ್ ಅಕ್ಕ ನಮ್ಮನ್ನು ಬಿಟ್ಟು ಹೋಗಿ ಇವತ್ತಿಗೆ ನಲವತ್ತು ದಿನ. ಒಳಗೆ ಬೊರ್ಸೋಕ್ ಹಿಟ್ಟಿನ ತುಂಡುಗಳನ್ನು ಕರಿಯುವ ವಾಸನೆ ಬರುತ್ತಿದೆ. ನಾನು ಉದ್ದ ಮಾತಾಡಿದರೆ ಯಾರೂ ಕ್ಷಮಿಸುವುದಿಲ್ಲ.

ಹದಿನೈದು ವರ್ಷ ನಮ್ಮಿಬ್ಬರ ಮೇಜುಗಳು ಒಂದಕ್ಕೊಂದು ತಾಗಿಕೊಂಡೇ ಇದ್ದವು. ಹೇಳಲು ಬಹಳ ಇದೆ. ಆದರೆ ಒಂದೇ ಸಂಗತಿ ಹೇಳುತ್ತೇನೆ — ಕಂಬದ ಸಂಗತಿ. ಇಲ್ಲಿರುವ ಅರ್ಧ ಜನ ಅದರಲ್ಲಿ ಇದ್ದವರೇ. ಸೋನುನ್ ಅಜ್ಜಿ ಮುಂದೆಯೇ ಕೂತಿದ್ದಾರೆ. ಅಜ್ಜಿ, ನಾನು ತಪ್ಪು ಹೇಳಿದರೆ ಅಲ್ಲಿಂದಲೇ ತಿದ್ದಿ.

ಮೊದಲೆಲ್ಲ ಚಾರ್-ಬೆಲ್ ಘಟ್ಟದ ನೆತ್ತಿಗೆ ನಾವೇ ಹತ್ತಿ, ಕೋಲು ಊರಿ ಹಿಮ ಅಳೆಯುತ್ತಿದ್ದೆವು. ಕೆಳಗಿಳಿದು ಲೆಕ್ಕ ಒಪ್ಪಿಸುವಷ್ಟರಲ್ಲಿ ಮೇಲೆ ಹೊಸ ಹಿಮ ಬಿದ್ದು ಲೆಕ್ಕ ಹಳತಾಗಿರುತ್ತಿತ್ತು. ಅಕ್ಕ ಬರೆದು ಬರೆದು, ಕಾಡಿ ಬೇಡಿ ಯಂತ್ರ ತರಿಸಿದರು. ಒಂದು ಉಕ್ಕಿನ ಕಂಬ, ಅದರ ತೋಳಿನ ತುದಿಯಲ್ಲಿ ನೆಲ ನೋಡುವ ಒಂದು ಪೆಟ್ಟಿಗೆ. ಆ ಪೆಟ್ಟಿಗೆ ಕೆಳಕ್ಕೆ ಒಂದು ಸದ್ದು ಬಿಡುತ್ತದೆ, ನಮ್ಮ ಕಿವಿಗೆ ಕೇಳದ ಸದ್ದು. ಹಿಮಕ್ಕೆ ಬಡಿದು ಅದು ಎಷ್ಟು ಬೇಗ ವಾಪಸು ಬಂತು ಎಂಬುದರಿಂದ ಹಿಮ ಎಷ್ಟೆತ್ತರ ನಿಂತಿದೆ ಎಂದು ತಿಳಿಯುತ್ತದೆ. ಗಂಟೆಗೊಮ್ಮೆ ಲೆಕ್ಕ ಕಚೇರಿಗೆ ಬರುತ್ತದೆ. ಚಳಿಗಾಲದಲ್ಲಿ ರಸ್ತೆ ಮುಚ್ಚಬೇಕೋ ಬೇಡವೋ, ಬೇಸಿಗೆಯಲ್ಲಿ ನಿಮ್ಮ ಆಲೂಗಡ್ಡೆ ಹೊಲಕ್ಕೆ ನೀರು ಎಷ್ಟು ಇಳಿದೀತು — ಎರಡನ್ನೂ ಹೇಳಬಹುದು.

ಮೊದಲ ಆಗಸ್ಟ್‌ನಲ್ಲೇ ಕಂಬ ಹೇಳಿತು — ನೆತ್ತಿಯಲ್ಲಿ ಎದೆಮಟ್ಟ ಹಿಮ. ಕೆಳಗೆ ನಾವು ಕಲ್ಲಂಗಡಿ ತಿನ್ನುತ್ತಾ ಕೂತಿದ್ದೇವೆ. ನಿಮ್ಮ ಕಂಬಕ್ಕೆ ಬಿಸಿಲು ಹೊಡೆದಿದೆಯಾ ಎಂದು ಬಿಷ್ಕೆಕ್‌ನ ಮುಖ್ಯ ಕಚೇರಿಯಿಂದ ಫೋನು ಬಂತು. ಅಕ್ಕ ಕುದುರೆ ಹತ್ತಿ ಹೋದರು. ಹೋಗಿ ನೋಡಿದರೆ — ಬಟ್ಟೆ. ಕಂಬದ ತುಂಬಾ ಬಟ್ಟೆಯ ಚೂರುಗಳು.

ತಪ್ಪೇನಿದೆ? ಘಟ್ಟದ ಮೇಲೆ ಏನು ನಿಂತಿದ್ದರೂ ನಾವು ಹರಕೆಯ ಬಟ್ಟೆ ಕಟ್ಟುವವರೇ. ಮಗುವಿನ ಜ್ವರಕ್ಕೆ, ದಾರಿಯಲ್ಲಿರುವವರ ಕ್ಷೇಮಕ್ಕೆ. ಬೋಳು ನೆತ್ತಿಯಲ್ಲಿ ಮೊದಲ ಸಲ ಎತ್ತರದ್ದೊಂದು ಎದ್ದು ನಿಂತರೆ ಕಟ್ಟದೆ ಬಿಡುತ್ತೇವಾ? ಕುದುರೆಯ ಬೆನ್ನ ಮೇಲೆ ನಿಂತು ತೋಳಿನ ತುದಿಯವರೆಗೂ ಕಟ್ಟಿದ್ದರು. ಪೆಟ್ಟಿಗೆಯ ಕಣ್ಣೆದುರು ಬಟ್ಟೆ ಹಾರಾಡಿತು, ಪೆಟ್ಟಿಗೆ ಅದನ್ನೇ ಹಿಮ ಎಂದುಕೊಂಡಿತು.

ಅಕ್ಕ ಕುರಿಗಾಹಿಯ ಮಗಳು, ಈ ಹರಕೆ ಅವರಿಗೂ ಗೊತ್ತು. ಆದರೆ ಅವತ್ತು ಸಿಟ್ಟು ಮೂಗಿನ ತುದಿಯಲ್ಲಿತ್ತು. ಚಾಕು ತೆಗೆದು ಎಲ್ಲವನ್ನೂ ಕತ್ತರಿಸಿ ಗೋಣಿಚೀಲಕ್ಕೆ ತುಂಬಿದರು. ಅದರಲ್ಲಿ ಸೋನುನ್ ಅಜ್ಜಿ ತಮ್ಮ ಮೊಮ್ಮಗನ ಕಾಲಿನ ಆಪರೇಷನ್‌ಗೆಂದು ಕಟ್ಟಿದ್ದ ಬಟ್ಟೆಯೂ ಇತ್ತು.

ಆಮೇಲೆ ಏನಾಯಿತು, ನಿಮಗೇ ಗೊತ್ತು. ಕೆಲವೇ ದಿನಗಳಲ್ಲಿ ಕಂಬ ಮೊದಲಿಗಿಂತ ದಟ್ಟವಾಗಿ ತುಂಬಿತು, ಗಂಟುಗಳೂ ಇನ್ನಷ್ಟು ಬಿಗಿಯಾದವು. ಊರಲ್ಲಿ ಅಕ್ಕನಿಗೆ ಬಾಡಿಗೆಗೆ ಒಂದು ಕುದುರೆ ಸಿಗಲಿಲ್ಲ. ಬಿಷ್ಕೆಕ್‌ನವರು ಹೇಳಿದರು — ಬೇರೆ ಕಣಿವೆಯವರೂ ಯಂತ್ರ ಕೇಳುತ್ತಿದ್ದಾರೆ, ಈ ಚಳಿಗಾಲ ನೋಡುತ್ತೇವೆ, ಲೆಕ್ಕ ಹೀಗೇ ಬಂದರೆ ವಸಂತದಲ್ಲಿ ಕಿತ್ತು ಅಲ್ಲಿಗೆ ಕೊಡುತ್ತೇವೆ. ಅವರದ್ದೂ ನ್ಯಾಯವೇ.

ಅಕ್ಕ ನೇರ ಸೋನುನ್ ಅಜ್ಜಿಯ ಮನೆಗೆ ಹೋದರು. ಅಜ್ಜಿ ಕೂರಿಸಿದರು. ಬಟ್ಟಲಿನ ಅಂಚು ಮುಟ್ಟುವಂತೆ ಚಹಾ ಸುರಿದರು. ಅದರ ಅರ್ಥ ಎಲ್ಲರಿಗೂ ಗೊತ್ತು — ಕುಡಿ, ಎದ್ದು ನಡಿ.

“ಏನವ್ವಾ,” ಅಂದರು ಅಜ್ಜಿ, “ನಮ್ಮ ಹರಕೆ ನಿನ್ನ ಪೆಟ್ಟಿಗೆಗೆ ಕಚಗುಳಿ ಇಡ್ತಾ?”

“ಹೂಂ ಅಜ್ಜಿ. ಕತ್ತರಿಸಿದ್ದು ನನ್ನ ತಪ್ಪು. ಆದ್ರೆ ನಾಳೆ ನಿಜವಾಗ್ಲೂ ಹಿಮ ಬಿದ್ರೆ ಅದು ಹಿಮ ಅಂತ ನಾನು ಹ್ಯಾಗೆ ನಂಬ್ಲಿ? ಆವಾಗ ನಿಮ್ಮ ಮೊಮ್ಮಗನೇ ರಸ್ತೇಲಿದ್ರೆ?”

ಅಜ್ಜಿ ಚಹಾದ ಪಾತ್ರೆಯನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡರಂತೆ. ಆಮೇಲೆ ಅಂದರು: “ಕಟ್ಟಬೇಡಿ ಅಂದ್ರೆ ಒಬ್ರೂ ಕೇಳಲ್ಲ. ಎಲ್ಲಿ ಕಟ್ಟೋದು ಅಂತ ತೋರ್ಸು.” ಹೇಳಿ ಎರಡನೇ ಸಲ ಚಹಾ ಹಾಕಿದರು. ಈ ಸಲ ಬಟ್ಟಲಿನ ತಳ ಮುಚ್ಚುವಷ್ಟೇ. ಅಂದರೆ ಕೂತಿರು, ಮತ್ತೆ ಮತ್ತೆ ಹಾಕಿ ಕೊಡುತ್ತೇನೆ.

ಹಾಗೆ ಬಂದದ್ದು ಎರಡನೇ ಕಂಬ — ಒಣಗಿ ಬಿದ್ದಿದ್ದ ಆರ್ಚಾ ಮರದ ಕಾಂಡ. ಅದನ್ನು ಟ್ರ್ಯಾಕ್ಟರಿನಲ್ಲಿ ಎಳೆದುಕೊಂಡು ಹೋದವನು ರಸ್ತೆ ಮೇಸ್ತ್ರಿ ರಿಸ್ಕುಲ್. ದಾರಿಯುದ್ದಕ್ಕೂ ಇವನದು ಒಂದೇ ಕೀಟಲೆ: ಕಬ್ಬಿಣದ ಗಂಡಿಗೆ ಹೆಣ್ಣು ಕರ್ಕೊಂಡು ಹೋಗ್ತಿದ್ದೀಯಾ ಅಕ್ಕಾ, ವಧುದಕ್ಷಿಣೆ ಎಷ್ಟು ಕುರಿ? ಗಾಳಿ ಬಟ್ಟೆಯನ್ನು ಪೆಟ್ಟಿಗೆಯ ಕಡೆ ತರದಂತೆ ಜಾಗ ನೋಡಿ ನೆಟ್ಟರು. ಈ ಸಲ ಚಾಕು ಇಲ್ಲ. ಅವರವರ ಗಂಟನ್ನು ಅವರವರೇ ಬಿಚ್ಚಿ ಆರ್ಚಾಗೆ ಕಟ್ಟಿದರು. ಅಕ್ಕ ತಮ್ಮ ತಲೆವಸ್ತ್ರವನ್ನೇ ಕಟ್ಟಿದರು. ಏನು ಬೇಡಿಕೊಂಡೆ ಎಂದು ರಿಸ್ಕುಲ್ ಕೇಳಿದರೆ, ಬ್ಯಾಟರಿ ವಸಂತದವರೆಗೂ ಬಾಳಲಿ ಅಂತ, ಅಂದರು.

ಆ ಚಳಿಗಾಲದ ಕೊನೆ, ಮಾರ್ಚ್‌ನಲ್ಲಿ ಬರುವ ನೌರೂಜ್ ಹಬ್ಬದ ಹಿಂದಿನ ದಿನ. ಊರಲ್ಲಿ ಹೊಳೆಯುವ ಬಿಸಿಲು. ಕಚೇರಿಯಲ್ಲಿ ಮಾತ್ರ ಗಂಟೆ ಗಂಟೆಗೂ ಲೆಕ್ಕ ಏರುತ್ತಿದೆ — ನೆತ್ತಿಯಲ್ಲಿ ಹೊಸ ಹಿಮ, ಹಳೆಯದರ ಮೇಲೆ ಭಾರ. ಘಟ್ಟದ ರಸ್ತೆಯ ಗೇಟು ಹಾಕು ಎಂದು ಅಕ್ಕ ರಿಸ್ಕುಲ್‌ಗೆ ಫೋನು ಮಾಡಿದರು. ಗೇಟಿನಲ್ಲಿ ಆಗಲೇ ಹಬ್ಬಕ್ಕೆ ಪಟ್ಟಣಕ್ಕೆ ಹೊರಟ ಮಿನಿಬಸ್ಸುಗಳ ಸಾಲು. ಇಲ್ಲಿ ಮೋಡವೇ ಇಲ್ಲ ಅಕ್ಕಾ, ಮತ್ತೆ ಯಾರದೋ ಹರಕೆ ಹಾರಾಡ್ತಿರ್ಬೇಕು, ಅಂದ ಇವನು. ಬಸ್ಸಿನವರೂ ಅದನ್ನೇ ಹೇಳಿ ನಕ್ಕರು. ಚಾಲಕ ಎಂಜಿನ್ ಚಾಲೂ ಮಾಡಿದ.

ಮುಂದಿನ ಸೀಟಿನಿಂದ ಎದ್ದವರು ಸೋನುನ್ ಅಜ್ಜಿ. “ಆ ಕಂಬದ ಗಂಟೆಲ್ಲ ನಮ್ಮ ಕೈಯಾರೆ ಬಿಚ್ಚಿದ್ದೀವಿ,” ಅಂದರು. “ಈಗ ಅದು ಹಿಮ ಅಂದ್ರೆ ಹಿಮಾನೇ. ಇಳೀರಿ.”

ಇಳಿದರು. ಗೊಣಗುತ್ತಲೇ ಇಳಿದರು. ಮಧ್ಯಾಹ್ನ ಚಾರ್-ಬೆಲ್‌ನ ಇಳಿಜಾರಿನ ಹಿಮವೆಲ್ಲ ಕಳಚಿ ರಸ್ತೆಯ ಮೇಲೆ ಬಂತು. ರಸ್ತೆ ಕಾಣಲಿಲ್ಲ. ರಸ್ತೆಯಲ್ಲಿ ಯಾರೂ ಇರಲಿಲ್ಲ.

ವಸಂತ ಬಂತು, ಕಂಬ ಉಳಿಯಿತು. ಈಗ ನಮ್ಮವರು ಬೇರೆ ಕಣಿವೆಗಳಲ್ಲಿ ಯಂತ್ರ ನಿಲ್ಲಿಸುವಾಗಲೂ ಮೊದಲು ಊರಿನ ಅಜ್ಜಿಯರನ್ನು ಕೇಳಿ, ಪಕ್ಕದಲ್ಲಿ ಒಂದು ಮರದ ಕಂಬ ನೆಡುತ್ತಾರೆ.

ಆಸ್ಪತ್ರೆಯಲ್ಲಿ ಅಕ್ಕನ ಹೃದಯ ನಿಂತುಹೋದ ವಾರ, ಇನ್ನು ಆ ಯಂತ್ರವನ್ನು ನೋಡಿಕೊಳ್ಳುವವರು ಯಾರು ಎಂದು ಬಿಷ್ಕೆಕ್‌ನಿಂದ ಕೇಳಿದರು. ಮೊನ್ನೆ ರಿಸ್ಕುಲ್ ಮತ್ತು ಗುಲ್ಬಾರ್ಚಿನ್ ನನಗೆ ಹೇಳದೆಯೇ ಮೇಲೆ ಹೋಗಿ, ಸೌರ ಫಲಕ ಒರೆಸಿ, ಬ್ಯಾಟರಿ ಬದಲಿಸಿ ಬಂದಿದ್ದಾರೆ. ಇವತ್ತು ಬೆಳಿಗ್ಗೆ ಲೆಕ್ಕ ಬಂತು. ಚಾರ್-ಬೆಲ್ ನೆತ್ತಿಯಲ್ಲಿ ಹಿಮ — ಸೊನ್ನೆ. ನಾನು ಮೋಡ ನೋಡಲಿಲ್ಲ, ಯಾರನ್ನೂ ಕೇಳಲಿಲ್ಲ. ನಂಬಿದೆ. ಘಟ್ಟದಾಚೆಯಿಂದ ಬಂದವರೇ, ದಾರಿ ತೆರೆದಿದೆ. ನಿಶ್ಚಿಂತೆಯಿಂದ ಊಟ ಮಾಡಿ ಹೊರಡಿ.

ಈಗ ಎಲ್ಲರೂ ಎದ್ದು ನಿಲ್ಲೋಣ. ಅಜ್ಜಿ, ನೀವು ಕೂತೇ ಇರಿ — ಇಲ್ಲ, ಅವರು ಕೇಳುವುದಿಲ್ಲ. ರಿಸ್ಕುಲ್, ಕೈ ಕೊಡು. ಹಾಂ. ಇನ್ನು ಒಂದು ನಿಮಿಷ, ಜೂರಕಾನ್ ಅಕ್ಕನಿಗಾಗಿ, ಮಾತಿಲ್ಲದೆ.